ಹೂಂ ಬಾರದ ವಾಕ್ಯ

ಪೇಪರಕ್ಕನ ಪತ್ರಿಕೆಗೆ ಒಂದೇ ಹಾಳೆ, ಎರಡು ಮಗ್ಗುಲು, ಎಡ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಕರಿ ಪಟ್ಟಿ. ಆ ಪಟ್ಟಿಯನ್ನು ಅವಳು ಹಾಕಿದ್ದಲ್ಲ. ಗುಜರಿಯಿಂದ ತಂದ ಜೆರಾಕ್ಸ್ ಯಂತ್ರವು ತನ್ನ ಕಡೆಯಿಂದಲೂ ಏನಾದರೂ ಇರಲಿ ಎಂದು ಪ್ರತಿ ಹಾಳೆಗೂ ಬಳಿದು ಕಳಿಸುತ್ತಿತ್ತು. ಆ ಯಂತ್ರಕ್ಕೆ ಎಷ್ಟು ವಯಸ್ಸಾಗಿತ್ತೆಂದರೆ, ಅದನ್ನು ಚಾಲೂ ಮಾಡಿದ ಕೂಡಲೇ ಬೀದಿಯ ದೀಪಗಳೆಲ್ಲ ತಲೆ ತಗ್ಗಿಸುತ್ತಿದ್ದವು. ಅಕ್ಕಪಕ್ಕದ ಮನೆಗಳ ಫ್ಯಾನುಗಳು, ಮನೆಯ ಹಿರಿಯರು ಎದ್ದರು ಎಂಬಂತೆ, ಗೌರವದಿಂದ ನಿಂತುಬಿಡುತ್ತಿದ್ದವು.

"ಆ ಪಟ್ಟಿ ಒಳ್ಳೇದೇ ಅಕ್ಕ," ಎನ್ನುತ್ತಿದ್ದ ಅವಳ ತಮ್ಮ. "ಸತ್ತವರ ಸುದ್ದಿಗೆ ಬೇರೆ ಪಟ್ಟಿ ಹಾಕೋ ಕೆಲಸ ಉಳೀತು."

ತಮ್ಮನದು ಸೈಕಲ್ ರಿಪೇರಿ ಅಂಗಡಿ. ಮುಂದೆ ಪಂಕ್ಚರು, ಹಿಂದಿನ ಕೋಣೆಯಲ್ಲಿ ಪತ್ರಿಕೆ. ನಡುವಿನ ಬಾಗಿಲ ಮೇಲೆ ಹಳೆಯ ಟೈರುಗಳು ನೇತಾಡುತ್ತಿದ್ದುದರಿಂದ ಸಂಪಾದಕರನ್ನು ಕಾಣಬೇಕಾದವರು ಸೊಂಟ ಬಗ್ಗಿಸಿಯೇ ಒಳಗೆ ಬರಬೇಕಿತ್ತು. ಇಷ್ಟು ಮರ್ಯಾದೆ ದೊಡ್ಡ ಪತ್ರಿಕೆಗಳ ಸಂಪಾದಕರಿಗೂ ಸಿಗುತ್ತಿರಲಿಲ್ಲ.

ಅಂಥದೊಂದು ದೊಡ್ಡ ಪತ್ರಿಕೆಯಲ್ಲಿ ಅಕ್ಕ ಹರೆಯದ ಕಾಲಕ್ಕೆ ಟೈಪ್ ಮಾಡುತ್ತಿದ್ದಳು. ಬಾಡಿಗೆಗೆ ಇದೆ, ಮಾರಾಟಕ್ಕಿದೆ, ಕಾಣೆಯಾಗಿದ್ದಾರೆ ಎಂದು ಬೆರಳು ಸವೆದು ಅರ್ಧಕ್ಕೆ ಬರುವಷ್ಟು ಕುಟ್ಟಿದಳು. ತಾನು ಹುಟ್ಟಿ ಬೆಳೆದ ಬೀದಿಯ ಹೆಸರು ಮಾತ್ರ ಅಲ್ಲಿ ಬೆಂಕಿ ಬಿದ್ದಾಗ ಬಿಟ್ಟರೆ ಆ ಪತ್ರಿಕೆಯಲ್ಲಿ ಬರುತ್ತಿರಲಿಲ್ಲ. ಬೆಂಕಿ ಆರಿದರೆ ಬೀದಿಯೂ ಆರಿಹೋಗುತ್ತಿತ್ತು. ಒಂದು ದಿನ ಅವಳು ಉಪಸಂಪಾದಕರ ಮೇಜಿನ ಮುಂದೆ ನಿಂತು, ಚರಂಡಿಗೆ ಇಳಿಯುವವರಿಗೆ ಕೈಗವಸೂ ಕೊಡುತ್ತಿಲ್ಲ, ಅದನ್ನು ಬರೆಯಬಹುದಲ್ಲ ಎಂದು ಕೇಳಿದಳು. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಯಾರಾದ್ರೂ ಸತ್ರೆ ಹೇಳಮ್ಮ" ಎಂದರು. ಅಕ್ಕ ಟೈಪ್ ಯಂತ್ರಕ್ಕೆ ಮುಸುಕು ಹಾಕಿ ಮನೆಗೆ ಬಂದವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಮದುವೆಯ ಮಾತಿಗೆ ಬಂದ ಗಂಡುಗಳನ್ನೂ ಅವಳು ಎದುರಿಗೆ ಕೂರಿಸಿಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಕಳಿಸಿದ್ದಳು. ಅವರಲ್ಲಿ ಒಬ್ಬ ಹೊರಟವನು ಇನ್ನೂ ತಿರುಗಿ ನೋಡದೆ ನಡೆಯುತ್ತಲೇ ಇದ್ದಾನೆ, ಈಗ ಸಮುದ್ರದ ನಡುಮಧ್ಯೆ ಇರಬಹುದು ಎಂದು ತಮ್ಮ ಲೆಕ್ಕ ಹಾಕುತ್ತಿದ್ದ. ಹೀಗೆ ಅವಳ ಪಾಲಿಗೆ ಉಳಿದದ್ದು ಈ ಒಂದು ಹಾಳೆ.

ಪತ್ರಿಕೆ ಶುರುವಾದ ಹೊಸದರಲ್ಲಿ ಮನೆಗೆಲಸದ ಹೆಂಗಸೊಬ್ಬಳನ್ನು ಯಜಮಾನರು ಕಳ್ಳಿ ಎಂದು ಹೊರಗೆ ಹಾಕಿದ್ದರು. ಅಕ್ಕ ಮನಸ್ಸು ಕರಗಿ ಬರೆದಳು. ಪತ್ರಿಕೆ ಬಂದ ದಿನ ಆ ಹೆಂಗಸು ಹಾಳೆ ಹಿಡಿದುಕೊಂಡು ಅಂಗಡಿಗೆ ನುಗ್ಗಿದಳು.

"'ಕಣ್ಣೀರಿಡುತ್ತಾ ಹೊರನಡೆದಳು' ಅಂತ ಬರ್ದಿದ್ದೀರಲ್ಲ, ನಾನ್ಯಾವಾಗ ಅತ್ತೆ? ನಾನು ಬೈದೆ. ಅವರ ತಾತನ ಕಾಲದಿಂದ ಹಿಡಿದು ಹುಟ್ಟೋ ಮಕ್ಕಳ ತನಕ ಬೈದೆ. ಅಷ್ಟು ಚೆನ್ನಾಗಿ ಬೈದಿದ್ದನ್ನ ಬಿಟ್ಟು ಅಳಿಸಿದ್ದೀರಿ."

ಅವತ್ತಿನಿಂದ ಒಂದು ನಿಯಮ ಬಂತು. ಯಾರ ಸುದ್ದಿಯೋ ಅವರ ಮುಂದೆ, ಅಚ್ಚಿಗೆ ಮೊದಲು, ಇಡೀ ಬರಹವನ್ನು ಓದಬೇಕು. ಕಥೆ ಕೇಳುವ ಮಕ್ಕಳ ಹಾಗೆ ಅವರು ಪ್ರತಿ ವಾಕ್ಯಕ್ಕೂ ಹೂಂ ಅನ್ನಬೇಕು. ಹೂಂ ಬಾರದ ವಾಕ್ಯವನ್ನು ಅಲ್ಲೇ ಹೊಡೆದುಹಾಕಬೇಕು. ಓದುವುದಾದರೂ ಅವರವರ ಮನೆಯ ಹೊಸ್ತಿಲಲ್ಲಿ. ಪತ್ರಿಕೆಯ ಕೋಣೆಯಲ್ಲಿ ಕೂರಿಸಿದರೆ ಜನ ದಾಕ್ಷಿಣ್ಯಕ್ಕೆ ಹೂಂ ಅಂದುಬಿಡುತ್ತಾರೆ ಎಂಬುದು ಅಕ್ಕನ ಅನುಭವ. ಈ ಹೂಂ ಬೀದಿಯಲ್ಲೆಲ್ಲ ಹೆಸರಾಯಿತು. ಕೋರ್ಟಿನಲ್ಲಿ ಆಣೆ ಮಾಡಿ ಸುಳ್ಳು ಹೇಳಿದವರೂ ಪೇಪರಕ್ಕನ ಮುಂದೆ ಸುಳ್ಳಿಗೆ ಹೂಂ ಅನ್ನಲು ಹೋಗಿ ಬಿಕ್ಕಳಿಕೆ ಬಂದು ನೀರು ಕುಡಿದರಂತೆ.

ಬೀದಿಯ ಕೊನೆಗೆ ಬಣ್ಣದ ಕಾರ್ಖಾನೆ. ಅದರ ಬೆನ್ನಿಗೆ ಕಾರ್ಖಾನೆಯವರೇ ಕಟ್ಟಿಸಿದ ಸಾಲುಮನೆಗಳು. ಸಾಲುಮನೆಗಳ ಬೆನ್ನಿಗೆ ಒಂದು ನೀರಿನ ಕುಂಟೆ, ಕುಂಟೆಯ ಪಕ್ಕ ಕೈಪಂಪು. ಕಾರ್ಖಾನೆಯಲ್ಲಿ ಇವತ್ತು ಯಾವ ಬಟ್ಟೆಗೆ ಬಣ್ಣ ಹಾಕುತ್ತಿದ್ದಾರೆಂದು ತಿಳಿಯಲು ಕುಂಟೆ ನೋಡಿದರೆ ಸಾಕಿತ್ತು. ಬೆಳ್ಳಗೆ ಇಳಿದ ಕೊಕ್ಕರೆಯೊಂದು ಮೀನು ಹುಡುಕಿ ಹುಡುಕಿ ಸಿಗದೆ ನವಿಲಾಗಿ ಹಾರಿಹೋಯಿತು ಎಂದು ತಮ್ಮ ಹೇಳುತ್ತಿದ್ದ. ನಗುವವರು ನಗುತ್ತಿದ್ದರು, ನಗುತ್ತಲೇ ಮೈ ಕೆರೆದುಕೊಳ್ಳುತ್ತಿದ್ದರು. ಕಾರ್ಖಾನೆಗೆ ಒಂದೇ ಪೈಪು, ಅದೂ ನೀರು ಶುದ್ಧ ಮಾಡುವ ತೊಟ್ಟಿಗೆ ಹೋಗುತ್ತದೆ ಎಂದು ಕಂಪನಿ ಹೇಳುತ್ತಿತ್ತು. ಮಾಲಿನ್ಯ ಇಲಾಖೆಯವರು ಬಂದು ಆ ಪೈಪಿನ ನೀರನ್ನೇ ಬಾಟಲಿಯಲ್ಲಿ ತುಂಬಿಕೊಂಡು, ಚಹ ಕುಡಿದು ಹೋಗುತ್ತಿದ್ದರು.

ಎರಡನೆಯ ಪೈಪು ಇದೆ ಎಂದು ಅಕ್ಕನಿಗೆ ಹೇಳಿದವನು ಅದೇ ಕಾರ್ಖಾನೆಯಲ್ಲಿ ದುಡಿಯುವ ಬಾಯ್ಲರ್ ತಾತ. ಸೈಕಲ್ ಬ್ರೇಕ್ ಹಿಡಿಯುತ್ತಿಲ್ಲ ಎಂಬ ನೆಪ ಮಾಡಿಕೊಂಡು ಅಂಗಡಿಗೆ ಬಂದಿದ್ದ. ಹಿಂದಿನ ಕ್ಯಾರಿಯರ್ ಮೇಲೆ ಮೊಮ್ಮಗಳು. ಅವಳ ಕಾಲಿನ ತುಂಬ ಹುಣ್ಣು. ನೊಣ ಓಡಿಸಿಕೊಳ್ಳುವುದೇ ಅವಳ ಆಟವಾಗಿತ್ತು. ತಾತ ಟೈರುಗಳ ಅಡಿಯಲ್ಲಿ ಬಗ್ಗಿ ಒಳಗೆ ಬಂದು ಕೂತು, ತನ್ನ ಎರಡೂ ಅಂಗೈಯನ್ನು ಮೇಜಿನ ಮೇಲೆ ಮಗುಚಿ ಇಟ್ಟ.

"ಸಂಜೆ ಆದ್ರೆ ಹಿಂದ್ಗಡೆ ಪೈಪಿನ ಚಕ್ರ ತಿರುಗಿಸೋದು ನಾನೇ ಕಣಮ್ಮ. ತಿರುಗಿಸಿದ್ರೆ ಬಣ್ಣದ ನೀರು ಕುಂಟೆಗೆ ಹೋಗುತ್ತೆ. ಕೈ ನಂದು, ಹುಣ್ಣು ಅವಳದ್ದು. ಬರಿ."

"ಹೆಸರು ಹಾಕಲ್ಲ ತಾತ," ಎಂದಳು ಅಕ್ಕ.

"ಏನು?"

"ಹೆಸರು ಹಾಕಲ್ಲ."

"ಬಸರು ಯಾರು?" ಎಂದ ತಾತ. ಮುಂದೆ ಕೂತ ತಮ್ಮ ನಗು ತಡೆಯಲಾರದೆ ಪಂಪಿನ ಮೇಲೆ ಬಿದ್ದ.

ಬಾಯ್ಲರ್ ಮನೆಯ ಸದ್ದು ತಾತನ ಕಿವಿಗಳನ್ನು ಎಂದೋ ತಿಂದುಹಾಕಿತ್ತು. ಒಮ್ಮೆ ಪಕ್ಕದಲ್ಲೇ ಸಿಡಿಲು ಹೊಡೆದು ಮರ ಸೀಳಿದಾಗ, ಅವನು ಸೊಸೆಯನ್ನು ಕರೆದು "ಯಾರೋ ಬಾಗಿಲು ತಟ್ಟಿದ ಹಾಗಿತ್ತು ನೋಡಮ್ಮ" ಎಂದವನು. ಮಗ ತೀರಿಕೊಂಡ ಮೇಲೆ ಸಾಲುಮನೆಯ ಒಂದು ಕೋಣೆಯಲ್ಲಿ ತಾತ, ಸೊಸೆ, ಮೊಮ್ಮಗಳು. ತಾತನಿಗೆ ಕೆಲಸ ಇರುವ ತನಕ ಕೋಣೆ, ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಅದು ಕಂಪನಿಯ ನಿಯಮ.

ಅಕ್ಕ ಬರೆದಳು. ಬರೆದು ತನ್ನ ನಿಯಮದಂತೆ ಓದಿ ಹೇಳಲು ಹೊರಟಳು. ಕಾರ್ಖಾನೆಯ ಹಗಲು ಪಾಳಿ ನಡೆಯುತ್ತಿರುವ ಹೊತ್ತನ್ನೇ ಆರಿಸಿಕೊಂಡಿದ್ದಳು. ತಾತನಿಗೆ ಅವತ್ತು ರಜೆ. ಗಂಡಸರೆಲ್ಲ ಕೆಲಸದಲ್ಲಿ, ಆಳುಗಳನ್ನು ಸೇರಿಸಿಕೊಳ್ಳುವ, ತೆಗೆದುಹಾಕುವ ಮೇಸ್ತ್ರಿಯೂ ಕೆಲಸದಲ್ಲಿ ಎಂಬುದು ಅವಳ ಲೆಕ್ಕ. ಅವನ ಮನೆ ತಾತನ ಕೋಣೆಯ ಬೆನ್ನಿಗೇ ಇತ್ತು. ನಡುವೆ ಒಂದು ತಗಡು.

ಹೊಸ್ತಿಲಲ್ಲಿ ಕೂತು ಅಕ್ಕ ಮೆಲ್ಲಗೆ ಓದಿದಳು. "ಕಾರ್ಖಾನೆಯ ಹಿಂಭಾಗದಲ್ಲಿ ಎರಡನೆಯ ಪೈಪು ಇದೆ."

"ಏನು?"

ಸ್ವಲ್ಪ ದನಿ ಏರಿಸಿದಳು. ತಾತ ಕಿವಿಗೆ ಅಂಗೈ ಕೊಟ್ಟು ಮುಂದೆ ಬಾಗಿದ. ಮತ್ತೂ ಏರಿಸಿದಳು. ಏರಿಸುತ್ತ ಏರಿಸುತ್ತ ಅವಳ ದನಿ ಎಲ್ಲಿಗೆ ಮುಟ್ಟಿತೆಂದರೆ, ಮಾಡಿನ ಮೇಲಿದ್ದ ಕಾಗೆಗಳು ಎದ್ದು ಮುಂದಿನ ಊರಿನಲ್ಲಿ ಹೋಗಿ ಕೂತವು. ತಾತನ ಮುಖ ಅರಳಿತು.

"ಹೂಂ," ಎಂದ.

ಅಕ್ಕನಿಗೆ ಹುರುಪು ಬಂತು. ಹೂಂ ಬಂದರೆ ಅವಳಿಗೆ ಲೋಕವೇ ಮರೆತುಹೋಗುತ್ತಿತ್ತು. "ಅದರ ಚಕ್ರವನ್ನು ಸಂಜೆ ತಿರುಗಿಸಲಾಗುತ್ತದೆ."

"ಹೂಂ," ಎಂದ ತಾತ. ಪಕ್ಕದ ಕೋಣೆಯಿಂದಲೂ ಒಂದು ಹೂಂ ಬಂತು. ಸೊಸೆ ಒಳಗಿನಿಂದ ಕತ್ತು ಹೊರಗೆ ಹಾಕಿ ನೋಡಿದಳು.

"ಬಣ್ಣದ ನೀರು ಕುಂಟೆಗೆ ಸೇರಿ, ಅಲ್ಲಿಂದ ಕೈಪಂಪಿಗೆ ಇಳಿಯುತ್ತಿದೆ."

ಎಡದಿಂದ ಹೂಂ, ಬಲದಿಂದ ಹೂಂ. ಆಚೆ ಬದಿಯಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಮುದುಕಿಯೊಬ್ಬಳ ಎಳೆದ ಹೂಂ. ಇಡೀ ಸಾಲುಮನೆ ಕಥೆ ಕೇಳಲು ಕೂತಹಾಗಿತ್ತು. ಅಕ್ಕನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಒಬ್ಬೊಬ್ಬರ ಬಾಯಿಂದ ಒಂದೊಂದೇ ಹೂಂ ಕಿತ್ತು ತಂದವಳಿಗೆ ಈಗ ಅದು ತಾನಾಗಿ ಸುರಿಯುತ್ತಿತ್ತು. ಕೊನೆಯ ವಾಕ್ಯವನ್ನು ಎದ್ದು ನಿಂತೇ ಓದಿದಳು. "ಆ ಚಕ್ರ ತಿರುಗಿಸುವ ಕೈಯ ಮನೆಯಲ್ಲೇ ಒಂದು ಮಗುವಿನ ಕಾಲಿಗೆ ಹುಣ್ಣಾಗಿದೆ."

ಎಲ್ಲ ಹೂಂ ಮುಗಿದ ಮೇಲೆ, ತಗಡಿನ ಹಿಂದಿನಿಂದ, ತುಸು ತಡವಾಗಿ, ಬಾಯಿಯಲ್ಲಿ ಹತ್ತಿ ತುರುಕಿಕೊಂಡವರದಂಥ ಒಂದು ದಪ್ಪ ಹೂಂ ಬಂತು.

ಸೊಸೆಯ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. "ಮೇಸ್ತ್ರಿಗೆ ಹಲ್ಲುನೋವಂತೆ," ಎಂದಳು ಪಿಸುದನಿಯಲ್ಲಿ. "ಇವತ್ತು ರಜಾ ಹಾಕಿ ಮಲಗಿದ್ದಾನೆ, ಮರೆತೇಬಿಟ್ಟಿದ್ದೆ."

ಅಕ್ಕ ಹಾಳೆಯನ್ನು ಮಡಚಿ ಸೆರಗಿನೊಳಗೆ ಸೇರಿಸಿದಳು. ತಾತ ಮಾತ್ರ ಏನೂ ಕೇಳಿಸದೆ ನಗುತ್ತಿದ್ದ. "ಚೆನ್ನಾಗಿ ಬರ್ದಿದ್ದೀಯಮ್ಮ," ಎಂದ, ಅದೇ ಬೀದಿಗೆಲ್ಲ ಕೇಳುವ ದನಿಯಲ್ಲಿ.

ಮರುದಿನ ತಾತನನ್ನು ಗೇಟಿನಲ್ಲಿ ತಡೆದರು. ಕಾವಲುಗಾರ ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಒಳಗೆ ಹೋಗಲು ಮತ್ತೆ ಮತ್ತೆ ಹೆಜ್ಜೆ ಇಟ್ಟ, ಅವರು ಮತ್ತೆ ಮತ್ತೆ ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದರು. ಕೊನೆಗೆ ಯಾರೋ ಕೈಸನ್ನೆ ಮಾಡಿ ತೋರಿಸಿದರು. ಕೋಣೆಯನ್ನು ವಾರದೊಳಗೆ ಬಿಡಬೇಕೆಂದು ಸೊಸೆಗೆ ಹೇಳಿಕಳಿಸಿದರು. ಕುಂಟೆಯ ಬಳಿ ಒಂದು ಲಾರಿ ಮಣ್ಣು ಬಿದ್ದು, ಪೈಪಿನ ಬಾಯಿ ಇದ್ದ ಜಾಗ ಅಂಗಳದಂತೆ ಸಮವಾಯಿತು.

ಅಕ್ಕ ಕೋಣೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಳು. ಹೆಸರನ್ನು ಹಾಳೆಯಿಂದ ತೆಗೆದು ಭದ್ರ ಮಾಡಿದ್ದವಳು, ಅವನ ಹೊಸ್ತಿಲಲ್ಲೇ ನಿಂತು ಊರಿಗೆಲ್ಲ ಡಂಗುರ ಹೊಡೆದಿದ್ದಳು. ಬೇರೆ ಯಾವ ಪತ್ರಕರ್ತನಾದರೂ ಆ ಸುದ್ದಿಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ ಅಚ್ಚು ಹಾಕಿರುತ್ತಿದ್ದ. ತಾತ ಇವತ್ತು ಬಾಯ್ಲರ್ ಮನೆಯಲ್ಲಿರುತ್ತಿದ್ದ.

ತಮ್ಮ ಚಹದ ಲೋಟ ತಂದು ಮುಂದಿಟ್ಟ. "ಈಗಲೂ ಅಚ್ಚು ಹಾಕು. ಹೇಗೂ ಎಲ್ರಿಗೂ ಗೊತ್ತಾಗಿದೆ."

"ಗೊತ್ತಾಗಿರೋದು ಬಾಯಿಮಾತಲ್ಲಿ. ಅಚ್ಚಾದ್ರೆ ಅವರು ಕೋಣೆ ಬಿಡಿಸೋದು ಮಾತ್ರ ಅಲ್ಲ, ತಾತನ ಮೇಲೆ ಕೇಸೂ ಹಾಕ್ತಾರೆ. ತಾತ ಏನು ತಿಂತಾನೆ?"

ತಮ್ಮ ಲೋಟವನ್ನು ಇನ್ನಷ್ಟು ಹತ್ತಿರ ಸರಿಸಿದ. ಅಷ್ಟರಲ್ಲಿ ಮೇಸ್ತ್ರಿಯೇ ಬಂದ. ಕೆನ್ನೆ ಕುಂಬಳಕಾಯಿಯಷ್ಟು ಊದಿತ್ತು. ಟೈರುಗಳ ಅಡಿಯಲ್ಲಿ ಅವನು ಬಗ್ಗಿದರೂ ಕೆನ್ನೆ ಬಗ್ಗಲಿಲ್ಲ. ಜೋರು ಮಾಡಲು ಬಂದವನಂತೆ ಕಾಣಲಿಲ್ಲ. ಸ್ಟೂಲಿನ ಮೇಲೆ ಕೂತು ನಿಟ್ಟುಸಿರು ಬಿಟ್ಟ.

"ಇಲಾಖೆ ತನಕ ಸುದ್ದಿ ಹೋಗಿದೆ ಅಕ್ಕ. ಮಾಲೀಕರು ನನ್ನ ಕುತ್ತಿಗೆ ಹಿಡ್ಕೊಂಡಿದ್ದಾರೆ. ನಿಮ್ಮ ಪೇಪರಲ್ಲಿ ಹಾಕಿಬಿಡಿ, ಅಂಥದ್ದೇನೂ ಇಲ್ಲ ಅಂತ. ತಾತ ಹೇಳ್ದ ಹಾಗೆ ಹಾಕಿ. ನಾಳೇನೇ ಅವನ್ನ ಒಳಗೆ ತಗೋತಾರೆ, ಕೋಣೇನೂ ಉಳಿಯುತ್ತೆ."

"ದೊಡ್ಡ ಪತ್ರಿಕೆಗೆ ಕೊಡಿ. ಅವರು ಕೇಳಿದ್ದು ಹಾಕ್ತಾರೆ."

"ಅದನ್ನ ಯಾರು ನಂಬ್ತಾರೆ?" ಎಂದ ಮೇಸ್ತ್ರಿ, ನಿಜವಾಗಿಯೂ ಆಶ್ಚರ್ಯಪಟ್ಟು. "ನಿಮ್ಮದು ಅಂದ್ರೆ ನಂಬ್ತಾರೆ. ನೀವು ಹೂಂ ಅನ್ನಿಸ್ಕೊಂಡೇ ಹಾಕೋದು ಅಂತ ಎಲ್ರಿಗೂ ಗೊತ್ತು."

"ನಿಮ್ಮನೇಲೂ ಅದೇ ಪಂಪಿನ ನೀರಲ್ವಾ?"

ಮೇಸ್ತ್ರಿ ಕೆನ್ನೆ ಹಿಡಿದುಕೊಂಡ. "ಹೂಂ," ಎಂದ. ಆಮೇಲೆ ಕಂಪನಿಯವರು ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲಿಟ್ಟು ಎದ್ದುಹೋದ.

ಅಕ್ಕ ಚೀಟಿ ಹಿಡಿದು ನೇರ ಸೊಸೆಯ ಬಳಿ ಹೋದಳು. ಇದನ್ನು ಹರಿದು ಹಾಕೋಣ, ಎಲ್ಲರೂ ಸೇರಿ ಇಲಾಖೆಗೆ ಹೋಗೋಣ, ಸಾಲುಮನೆಯವರೆಲ್ಲ ಹೂಂ ಅಂದಿದ್ದಾರಲ್ಲ ಎಂದು ಹೇಳಬೇಕೆಂದಿದ್ದಳು. ಸೊಸೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಮೊಮ್ಮಗಳು ಚೀಲದ ಬಾಯಿ ಹಿಡಿದು ನಿಂತಿದ್ದಳು.

"ಹೂಂ ಅಂದವರು ಇವತ್ತು ಯಾರೂ ಬಾಗಿಲು ತೆಗೆದಿಲ್ಲಕ್ಕ, ನೋಡಿ," ಎಂದಳು ಸೊಸೆ. ನಿಜ. ಆ ಸಾಲಿನ ಬಾಗಿಲುಗಳೆಲ್ಲ ಮುಚ್ಚಿದ್ದವು. "ಇಲಾಖೆಯವರು ಬಾಟಲಿ ತುಂಬ್ಕೊಂಡು ಅವರ ಮನೆಗೆ ಹೋಗ್ತಾರೆ. ನಾವು ಯಾರ ಮನೆಗೆ ಹೋಗೋದು? ಬಸ್ ಸ್ಟ್ಯಾಂಡಲ್ಲಿ ಮಲಗಿದ್ರೆ ಹುಣ್ಣು ವಾಸಿ ಆಗುತ್ತಾ?"

"ಇದು ಸುಳ್ಳಮ್ಮ."

"ನಿಮ್ಮ ನಿಜ ಮೊನ್ನೆ ಓದಿದ್ರಲ್ಲ. ಸುಳ್ಳನ್ನೂ ಒಂದು ಸಲ ಓದಿ."

ಅಕ್ಕ ಚೀಟಿಯ ಮಡಿಕೆ ಬಿಡಿಸಿದಳು.

ಹೀಗೆ ಎರಡನೆಯ ಸಲ ಅವಳು ಅದೇ ಹೊಸ್ತಿಲಲ್ಲಿ ಕೂತಳು. ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದ. ತಾತ ಎದುರಿಗೆ ಕೂತು ಅವಳ ತುಟಿಗಳನ್ನೇ ನೋಡುತ್ತಿದ್ದ. ಈ ಸಲ ಅಕ್ಕ ಮೊದಲಿಗೇ ಜೋರಾಗಿ ಓದಿದಳು. ಸುತ್ತಮುತ್ತ ಕೇಳಲಿ ಎಂದೇ ಕಂಪನಿಯ ಆಸೆ.

"ಕಾರ್ಖಾನೆಗೆ ಎರಡನೆಯ ಪೈಪು ಇಲ್ಲ."

ತಾತ ಸೊಸೆಯ ಮುಖ ನೋಡಿದ. ಮೂಲೆಯಲ್ಲಿದ್ದ ಗೋಣಿಚೀಲ ನೋಡಿದ. "ಹೂಂ."

"ನಾನು ಹಾಗೆ ಹೇಳಿದ್ದರೆ ಅದು ವಯಸ್ಸಿನ ಅರಳುಮರಳಿನಿಂದ."

"ಹೂಂ." ಅಕ್ಕಪಕ್ಕದ ಕೋಣೆಗಳಿಂದ ಒಂದು ಕೆಮ್ಮೂ ಬರಲಿಲ್ಲ.

ಮುಂದಿನ ವಾಕ್ಯವನ್ನು ಅಕ್ಕ ಎರಡು ಸಲ ಕಣ್ಣಾಡಿಸಿದ ಮೇಲೆ ಓದಿದಳು. "ನನ್ನ ಮೊಮ್ಮಗಳ ಕಾಲಿನ ಹುಣ್ಣು ಅವಳ ತಾಯಿ ಸರಿಯಾಗಿ ಮೈ ತೊಳೆಯದೆ, ಕೊಳಕಿನಿಂದ ಆದದ್ದು."

ತಾತ ಅಲುಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅಕ್ಕ ಇನ್ನೊಮ್ಮೆ ಓದಿದಳು. ಕೇಳಿಸಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಆ ಹುಡುಗಿಯನ್ನು ಅವಳ ತಾಯಿ ದಿನಾ ಪಂಪಿನ ಕಟ್ಟೆಯ ಮೇಲೆ ನಿಲ್ಲಿಸಿ ಉಜ್ಜಿ ಉಜ್ಜಿ ತೊಳೆಯುವುದನ್ನು ಅವನು ಕಂಡವನು. ತೊಳೆದಷ್ಟೂ ಹುಣ್ಣು ಹೆಚ್ಚಿತ್ತು.

"ಹೂಂ ಅನ್ನು ತಾತ," ಎಂದ ಮೇಸ್ತ್ರಿ.

ಅಕ್ಕ ಪೆನ್ನು ತೆಗೆದಳು. ಹೂಂ ಬಾರದ ವಾಕ್ಯ, ನಿಯಮ ನಿಯಮವೇ. ಅವಳ ಎದೆಯಲ್ಲಿ ಸಣ್ಣದೊಂದು ಸಂತೋಷ ಕೂಡ ಎದ್ದಿತು. ಪೆನ್ನು ಹಾಳೆಗೆ ತಾಗುವ ಮೊದಲು ಬಾಗಿಲ ಬಳಿಯಿಂದ ದನಿ ಬಂತು.

"ಹೂಂ."

ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. "ವಾಕ್ಯ ನನ್ನ ಮೇಲೆ ಇದೆಯಲ್ಲ ಅಕ್ಕ. ಯಾರ ಸುದ್ದಿಯೋ ಅವರು ಹೂಂ ಅನ್ಬೇಕು ಅಂತೀರಲ್ಲ. ಅಂದಿದ್ದೀನಿ. ನಾನು ತೊಳೀಲಿಲ್ಲ. ಹಾಕಿ."

ಅಕ್ಕ ಪೆನ್ನು ಮುಚ್ಚಿದಳು.

ಪತ್ರಿಕೆ ಹೊರಬಂತು. ಕರಿ ಪಟ್ಟಿ ಎಂದಿಗಿಂತ ದಪ್ಪಗೆ ಬಿದ್ದಿತ್ತು. ತಮ್ಮ ಅದನ್ನು ನೋಡಿ ಹಾಳೆಗಳನ್ನು ಮಡಚತೊಡಗಿದ. ತಾತನನ್ನು ಒಳಗೆ ತೆಗೆದುಕೊಂಡರು. ಕೋಣೆ ಉಳಿಯಿತು. ಮಣ್ಣಿನ ಅಡಿಯಿಂದ ಪೈಪು ಇನ್ನೊಂದಿಷ್ಟು ದೂರ ಸಾಗಿ ಕುಂಟೆಯ ಆಚೆ ಬದಿಯಲ್ಲಿ ಬಾಯಿ ಬಿಟ್ಟಿತು. ಸಾಲುಮನೆಯ ಹೆಂಗಸರು ಆ ಸೊಸೆಯ ಜೊತೆ ಪಂಪಿನ ಬಳಿ ನಿಲ್ಲುವುದನ್ನು ಬಿಟ್ಟರು. ಎಲ್ಲ ಗೊತ್ತಿದ್ದವರೇ, ಆದರೂ ಅಚ್ಚಾದದ್ದು ಅಚ್ಚಾಗಿತ್ತು. 'ತೊಳೆಯದವಳು' ಎಂದು ಮಕ್ಕಳೂ ಕೂಗಿದರು.

ಅಕ್ಕ ಮುಂದಿನ ಸುದ್ದಿ ಹಿಡಿದು ಕಸ ಆಯುವವನೊಬ್ಬನ ಹೊಸ್ತಿಲಿಗೆ ಹೋದಳು. ಹಾಳೆ ಬಿಡಿಸುವ ಮೊದಲೇ ಅವನು ಎದ್ದು ನಿಂತ. "ಓದೋದೆಲ್ಲ ಯಾಕೆ ಬಿಡಿ ಅಕ್ಕ. ಹೂಂ. ಏನು ಬೇಕಾದ್ರೂ ಹಾಕ್ಕೊಳ್ಳಿ." ಇನ್ನೊಂದು ಮನೆಗೆ ಹೋದರೆ ಅಲ್ಲೂ ಅದೇ. ಬಾಗಿಲು ತೆಗೆಯದೆ ಒಳಗಿನಿಂದಲೇ ಹೂಂ ಅಂದವರೂ ಉಂಟು. ಒಂದೊಂದು ಹೂಂಗೂ ತಿಂಗಳುಗಟ್ಟಲೆ ಅಲೆದವಳಿಗೆ ಈಗ ಚೀಲಗಟ್ಟಲೆ ಸಿಗುತ್ತಿತ್ತು. ಹಗುರವೆಂದರೆ ಹಗುರ, ಗಾಳಿಗೆ ಹಾರುವಂಥ ಹೂಂ. ಅವಳು ಹಾಳೆಗಳನ್ನು ಮಡಚಿ ತಂದು ಯಂತ್ರದ ಮೇಲಿಟ್ಟಳು. ಆ ವಾರ ಬೀದಿಯ ಫ್ಯಾನುಗಳು ಒಂದು ಸಲವೂ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ, ಪಾಳಿಗೆ ಹೊರಟ ತಾತ ಟೈರುಗಳ ಅಡಿಯಲ್ಲಿ ಬಗ್ಗಿ ಒಳಗೆ ಬಂದ. ಬೆಂಚಿನ ಮೇಲೆ ಕೂತು ಅಂಗೈಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟ.

"ಮೊದಲನೇದು ಓದಮ್ಮ."

"ಅದನ್ನ ಅಚ್ಚು ಹಾಕಕ್ಕಾಗಲ್ಲ ತಾತ," ಎಂದಳು ಅಕ್ಕ, ಕೈ ಅಲ್ಲಾಡಿಸಿ.

"ಅಚ್ಚು ಹಾಕು ಅಂದ್ನಾ? ಓದು ಅಂದೆ."

ಅಕ್ಕ ತಮ್ಮನ ಕಡೆ ನೋಡಿದಳು. ತಮ್ಮ ಬೀದಿಯ ಕಡೆ ನೋಡಿದ. ಪಂಕ್ಚರಿಗೆ ಬಂದವರು ಇಬ್ಬರು ಮೂವರು ನಿಂತಿದ್ದರು. ಅವರಿಗೆ ಕೇಳಿಸದಿರಲೆಂದು ತಮ್ಮ ಗಾಳಿ ತುಂಬುವ ಕಂಪ್ರೆಸರ್‌ನ ಗುಂಡಿ ಒತ್ತಿದ. ಅದು ಎದ್ದ ಸದ್ದಿಗೆ ಸ್ಪ್ಯಾನರುಗಳು ಹಲಗೆಯ ಮೇಲೆ ಕುಣಿದವು. ಆ ಸದ್ದಿನ ಒಳಗೆ ಅಕ್ಕ ಓದಿದಳು. ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ. ಒಮ್ಮೆ ಕೇಳಿದ್ದ ವಾಕ್ಯಗಳೇ ಆದ್ದರಿಂದ ತಾತ ಅವಳ ತುಟಿ ನೋಡುತ್ತ ಸರಿಯಾದ ಜಾಗದಲ್ಲಿ ಸರಿಯಾಗಿ ತಲೆಯಾಡಿಸುತ್ತಿದ್ದ. ಪೈಪಿಗೆ ಹೂಂ. ಚಕ್ರಕ್ಕೆ ಹೂಂ. ಕುಂಟೆಗೆ ಹೂಂ. ಒಂದು ವಾಕ್ಯವನ್ನೂ ಹೊಡೆದುಹಾಕುವ ಹಾಗಿರಲಿಲ್ಲ.

ಮಗುವಿನ ಕಾಲಿನ ವಾಕ್ಯಕ್ಕೆ ಬಂದಾಗ ಕರೆಂಟು ಹೋಯಿತು. ಕಂಪ್ರೆಸರ್ ಕೊನೆಯುಸಿರು ಬಿಟ್ಟು ನಿಂತಿತು. ಅದು ನಿಂತದ್ದು ತಾತನಿಗೆ ಹೇಗೆ ಗೊತ್ತಾಗಬೇಕು? ಆ ನಿಶ್ಶಬ್ದದಲ್ಲಿ ಅವನು ಎದೆ ತುಂಬ ಉಸಿರೆಳೆದು, ಬಾಯ್ಲರ್ ಮನೆಯಲ್ಲಿ ನಿಂತವನಂತೆ, ಹೂಂ ಎಂದ. ಬೀದಿಯ ಆಚೆ ಕೊನೆಯ ತನಕ ಅದು ಹೋಗಿ ತಿರುಗಿ ಬಂತು.

ಅಕ್ಕ ಹಾಳೆಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಯಾರದು ಒಳಗೆ?" ಎಂದ ಹೊರಗೆ ನಿಂತವನೊಬ್ಬ.

"ಕಂಪ್ರೆಸರ್ರು," ಎಂದ ತಮ್ಮ, ಟ್ಯೂಬಿನಿಂದ ತಲೆ ಎತ್ತದೆ. "ವಯಸ್ಸಾಯ್ತು. ನಿಂತ ಮೇಲೂ ಹೂಂಗುಡುತ್ತೆ."

ಹೊರಗಿನವನು ನಗಲಿಲ್ಲ, ಮತ್ತೆ ಕೇಳಲೂ ಇಲ್ಲ. ಸೈಕಲ್ಲನ್ನು ಅಲ್ಲೇ ಬಿಟ್ಟು, ಆಮೇಲೆ ಬರ್ತೀನಿ ಎಂದು ಹೊರಟುಹೋದ. ಯಾವ ಕಡೆಗೆ ಹೋದನೆಂದು ತಮ್ಮ ಬಗ್ಗಿ ನೋಡಿದ.

ಆಗ ಕಾರ್ಖಾನೆಯ ಸೈರನ್ ಕೂಗಿತು. ತಾತನಿಗೆ ಅದು ಕೇಳಿಸಲಿಲ್ಲ. ಇನ್ನೂ ವಾಕ್ಯ ಉಳಿದಿದೆಯೇನೋ ಎಂದು ಅಕ್ಕನ ತುಟಿಗಳನ್ನೇ ನೋಡುತ್ತ ಕೂತಿದ್ದ. ತಡವಾದರೆ ಗೇಟು ಹಾಕುತ್ತಾರೆ. ಅಕ್ಕ ಅವನ ಭುಜ ಮುಟ್ಟಿ, ಕಾರ್ಖಾನೆಯ ಕಡೆ ಕೈ ತೋರಿಸಿದಳು. ಅವನು ಎದ್ದು, ಟೈರುಗಳ ಅಡಿಯಲ್ಲಿ ಬಗ್ಗಿ, ಸಂಜೆಯ ಚಕ್ರ ತಿರುಗಿಸಲು ಹೋದ.